ಎಲ್ಲರ ಹಾಲು ಬೆರೆತ ಮನೆ: ಯೆಡ್ಡಿಂಗ್ ಡೇರಿ ಕಟ್ಟಡದ ಚರಿತ್ರೆ

(ಗ್ರಂಥಾಲಯವೊಂದರ ಮಾಸಿಕ ಉಪನ್ಯಾಸದಲ್ಲಿ ಆಡಿದ ಮಾತುಗಳನ್ನು ತಿದ್ದಿ, ಹೊತ್ತು ಸಾಲದೆ ಅಂದು ಬಿಟ್ಟದ್ದನ್ನು ಸೇರಿಸಿ ಬರೆದ ರೂಪ.)

ಹಿರಿಯರೇ, ಮಿತ್ರರೇ,

ನಾನಿಂದು ಮಾತಾಡಲಿರುವ ಕಟ್ಟಡವನ್ನು ನೋಡಲೆಂದೇ ಯಾರಾದರೂ ಅಷ್ಟು ದೂರ ಹೋದರೆ ಮೊದಲ ನೋಟಕ್ಕೆ ನಿರಾಸೆಯೇ ಆದೀತು. ಡೆನ್ಮಾರ್ಕಿನ ಜುಟ್‌ಲ್ಯಾಂಡ್ ಪರ್ಯಾಯ ದ್ವೀಪದ ಪಶ್ಚಿಮ ಭಾಗದಲ್ಲಿ ಓಲ್ಗೋಡ್ ಎಂಬ ಸಣ್ಣ ಪಟ್ಟಣವಿದೆ. ಅದರ ಮಗ್ಗುಲಲ್ಲೇ ಯೆಡ್ಡಿಂಗ್ ಎಂಬ ಊರು. ಬರವಣಿಗೆಯಲ್ಲಿ ಆ ಹೆಸರಿನ ಮೊದಲಿಗೊಂದು ಹಕಾರವಿದೆ, ಬಾಯಲ್ಲಿ ಅದು ಬರುವುದಿಲ್ಲ. ಅಲ್ಲಿರುವುದು ಅರಮನೆಯಲ್ಲ, ಕೋಟೆಯಲ್ಲ, ಬಾನೆತ್ತರದ ಗಿರಣಿಯೂ ಅಲ್ಲ. ಹಳ್ಳಿಯ ಒಕ್ಕಲುಮನೆಯೊಂದಕ್ಕಿಂತ ಹೆಚ್ಚೇನೂ ಡೌಲಿಲ್ಲದ ಒಂದು ಕಟ್ಟಡ. ಈಗ ಅದೊಂದು ವಸ್ತುಸಂಗ್ರಹಾಲಯ. 1882ರ ಜೂನ್ ತಿಂಗಳಲ್ಲಿ ಅದು ಹಾಲನ್ನು ಬೆಣ್ಣೆ ಮಾಡುವ ಕಾರ್ಖಾನೆಯಾಗಿ ಕೆಲಸ ಆರಂಭಿಸಿತು. ಡೆನ್ಮಾರ್ಕಿನ ಮೊಟ್ಟಮೊದಲ ಸಹಕಾರಿ ಡೇರಿ ಎಂದು ಆ ದೇಶದ ಶಾಲಾಮಕ್ಕಳಿಗೆ ಹೇಳಿಕೊಡುವುದು ಇದನ್ನೇ.

‘ಡೇರಿ’ ಎಂದೊಡನೆ ನನ್ನ ತಲೆಮಾರಿನ ಹಳ್ಳಿಯವರ ಕಣ್ಣಿಗೆ ಬರುವುದು ಬೇರೆಯೇ ಚಿತ್ರ. ಬೆಳಗಿನ ಆರು ಗಂಟೆಗೆ ಹಾಲಿನ ಸಂಘದ ಮುಂದೆ ನಿಂತ ಸಾಲು, ಸ್ಟೀಲಿನ ಚೊಂಬು, ಲ್ಯಾಕ್ಟೋಮೀಟರ್ ಮುಳುಗಿಸಿ ತೆಗೆದು ಮುಖ ಗಂಟಿಕ್ಕುವ ಸೆಕ್ರೆಟರಿ, ‘ನಿನ್ನೆ ನಾಲ್ಕು ಇದ್ದ ಫ್ಯಾಟು ಇವತ್ತು ಮೂರೂವರೆ ಹೇಗಾಯ್ತು’ ಎಂಬ ಜಗಳ, ವಾರದ ಬಟವಾಡೆ. ಈ ಜಗಳಕ್ಕೆ ಒಂದು ಚರಿತ್ರೆಯಿದೆ. ಅದರ ಒಂದು ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ ತಲುಪುವುದು ಯೆಡ್ಡಿಂಗ್‌ನಂಥ ಕಟ್ಟಡಗಳ ಬಾಗಿಲಿಗೆ. ಆದ್ದರಿಂದ ಇದನ್ನು ಪರದೇಶದ ಕಥೆ ಎಂದುಕೊಳ್ಳದೆ ಕೇಳಬೇಕೆಂದು ವಿನಂತಿ.

ಈ ಕಟ್ಟಡ ಏಕೆ ಬೇಕಾಯಿತು ಎಂಬುದರಿಂದ ಆರಂಭಿಸುತ್ತೇನೆ. 1864ರಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯಾಗಳ ಎದುರು ಸೋತ ಡೆನ್ಮಾರ್ಕ್, ಶ್ಲೆಸ್ವಿಗ್, ಹೋಲ್‌ಸ್ಟೈನ್ ಮತ್ತು ಲಾವೆನ್‌ಬುರ್ಗ್ ಪ್ರಾಂತಗಳನ್ನು ಕಳೆದುಕೊಂಡು ದಿಢೀರನೆ ಚಿಕ್ಕ ದೇಶವಾಯಿತು. ದಕ್ಷಿಣದ ಹಾಂಬುರ್ಗ್ ಮಾರ್ಗವನ್ನೇ ನೆಚ್ಚಿದ್ದ ವ್ಯಾಪಾರಕ್ಕೆ ಪಶ್ಚಿಮದ ಕಡಲತೀರದಲ್ಲಿ ಹೊಸ ಬಾಗಿಲು ಬೇಕಾಯಿತು. 1868ರಲ್ಲಿ ಎಸ್‌ಬ್ಯೇರ್ಗ್ ಬಂದರು ಕಟ್ಟಲು ಕಾನೂನು ಮಾಡಿದರು. ಆಗ ಅಲ್ಲಿ ಊರೆನ್ನಲು ಏನೂ ಇರಲಿಲ್ಲ, ಬರೀ ಮರಳು, ಒಂದೆರಡು ಮನೆ. ಬಂದರಿನ ಬೆನ್ನಿಗೆ ರೈಲು ಬಂತು, 1875ರಲ್ಲಿ ಅದು ವಾರ್ಡೆ ದಾಟಿ ಓಲ್ಗೋಡ್ ಮೂಲಕ ಉತ್ತರಕ್ಕೆ ಸಾಗಿತು. ಹೀಗೆ ಒಂದು ದಶಕದೊಳಗೆ, ಬಂಜರು ಕುರುಚಲು ನೆಲದ ನಡುವೆ ಕುಳಿತಿದ್ದ ಈ ಬಡ ಸೀಮೆಗೆ ಇಂಗ್ಲೆಂಡಿನ ಅಡುಗೆಮನೆಯವರೆಗೆ ನೇರ ದಾರಿ ತೆರೆಯಿತು. ದಾರಿಯೇನೋ ಸಿಕ್ಕಿತು, ಕಳಿಸುವುದೇನನ್ನು?

ಅಲ್ಲಿಯವರೆಗೆ ಡೆನ್ಮಾರ್ಕ್ ಕಳಿಸುತ್ತಿದ್ದುದು ಧಾನ್ಯ. 1870ರ ದಶಕದ ಕೊನೆಗೆ ಅಮೆರಿಕದ ಬಯಲುಗಳಿಂದ ರೈಲು ಮತ್ತು ಉಗಿಹಡಗುಗಳ ಬೆನ್ನೇರಿ ಬಂದ ಅಗ್ಗದ ಗೋಧಿ, ಜೊತೆಗೆ ರಷ್ಯದ ಕಾಳು, ಯೂರೋಪಿನ ಧಾನ್ಯದ ಬೆಲೆಯನ್ನು ನೆಲಕ್ಕೆ ಕೆಡವಿದವು. ಫ್ರಾನ್ಸ್, ಜರ್ಮನಿಗಳು ಸುಂಕದ ಗೋಡೆ ಎಬ್ಬಿಸಿ ತಮ್ಮ ರೈತರನ್ನು ಕಾಯಲು ಹೊರಟವು. ಡೆನ್ಮಾರ್ಕ್ ಹಾಗೆ ಮಾಡಲಿಲ್ಲ. ಅಗ್ಗದ ಕಾಳನ್ನು ಬರಮಾಡಿಕೊಂಡು ದನಕ್ಕೂ ಹಂದಿಗೂ ಹಾಕಿ, ಧಾನ್ಯ ಮಾರುವ ದೇಶ ಧಾನ್ಯ ಕೊಳ್ಳುವ ದೇಶವಾಗಿ, ಬೆಣ್ಣೆಯನ್ನು ಮಾರಲು ಕಲಿಯಿತು. ಇದನ್ನು ದೂರದೃಷ್ಟಿ ಎಂದು ಹೊಗಳುವುದು ವಾಡಿಕೆ. ನನಗನ್ನಿಸುವಂತೆ, ಬೇರೆ ದಾರಿ ಅಷ್ಟಾಗಿ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಬೆಣ್ಣೆ ಅಲ್ಲಿಗೆ ಹೊಸದಲ್ಲ. ಆದರೆ ಎರಡು ಜಾತಿಯ ಬೆಣ್ಣೆಯಿತ್ತು. ನೂರಾರು ಹಸುಗಳ ದೊಡ್ಡ ಜಮೀನ್ದಾರರ ಬೆಣ್ಣೆ ಒಂದು. ನಾಲ್ಕಾರು ಹಸುಗಳ ರೈತನ ಮನೆಯಾಕೆ ಕಡೆದ ಬೆಣ್ಣೆ ಇನ್ನೊಂದು. ಮೊದಲನೆಯದಕ್ಕೆ ಲಂಡನ್ನಿನಲ್ಲಿ ಹೆಸರಿತ್ತು, ಬೆಲೆಯಿತ್ತು. ಎರಡನೆಯದನ್ನು ಊರಿನ ಅಂಗಡಿಕಾರ ಕೊಂಡು, ಹತ್ತು ಮನೆಯ ಹತ್ತು ಬಣ್ಣದ ಮುದ್ದೆಗಳನ್ನು ಒಂದೇ ಪೀಪಾಯಿಗೆ ಒತ್ತಿ, ಸಿಕ್ಕ ದರಕ್ಕೆ ಸಾಗಹಾಕುತ್ತಿದ್ದ. ರೈತರ ಮನೆಗಳಲ್ಲಿ ಶುಚಿತ್ವ ಇರಲಿಲ್ಲವೆಂದಲ್ಲ. ಹಾಲನ್ನು ಅಗಲ ತಟ್ಟೆಗಳಲ್ಲಿ ಒಂದೊಂದೂವರೆ ದಿನ ಇಟ್ಟು ಕೆನೆ ಕಟ್ಟಲು ಕಾಯಬೇಕಿತ್ತು. ಅಷ್ಟರಲ್ಲಿ ಬೇಸಿಗೆಯಾದರೆ ಹಾಲು ಹುಳಿಯುತ್ತಿತ್ತು, ಚಳಿಗಾಲವಾದರೆ ಹಸುಗಳೇ ಬತ್ತಿರುತ್ತಿದ್ದವು. ಹಾಲು ಸ್ವಲ್ಪವೇ ಇದ್ದುದರಿಂದ ಹಲವು ದಿನದ ಕೆನೆಯನ್ನು ಕೂಡಿಹಾಕಿ ಕಡೆಯಬೇಕಿತ್ತು. ನಮ್ಮ ಅಜ್ಜಿಯರು ವಾರದ ಕೆನೆಯನ್ನು ಗಡಿಗೆಯಲ್ಲಿ ಕೂಡಿಟ್ಟು ಕಡೆದ ಬೆಣ್ಣೆಯ ವಾಸನೆ ನೆನಪಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಯಿಸಿ ತುಪ್ಪ ಮಾಡುವ ನಮಗೆ ಆ ವಾಸನೆ ದೋಷವಲ್ಲ. ಬ್ರೆಡ್ಡಿಗೆ ಹಸಿ ಬೆಣ್ಣೆ ಸವರುವವನಿಗೆ ಅದೇ ದೊಡ್ಡ ದೋಷ.

ಹಾಗಾದರೆ ಹತ್ತು ಮನೆಯ ಹಾಲನ್ನು ಕೂಡಿಸಿ ಒಂದೆಡೆ ಕಡೆಯಬಹುದಿತ್ತಲ್ಲ? ಆಗುತ್ತಿರಲಿಲ್ಲ. ಕಾರಣ ಬಹಳ ಸಣ್ಣದು. ಗಾಡಿಯಲ್ಲಿ ಕುಲುಕಾಡಿ ತಣಿದ ಹಾಲಿನ ಮೇಲೆ ಕೆನೆ ಸರಿಯಾಗಿ ಏಳುವುದಿಲ್ಲ. ಕೆನೆ ತಾನಾಗಿ ತೇಲಿ ಬರಲೆಂದು ಕಾಯುವ ವಿಧಾನದಲ್ಲಿ ಹಾಲು ಕರೆದಲ್ಲೇ ಇರಬೇಕು. ಅಂದರೆ, ಸಣ್ಣ ರೈತರು ಒಟ್ಟುಗೂಡಲು ಅಡ್ಡಿಯಾಗಿದ್ದುದು ಅವರ ಮನಸ್ಸಿನಷ್ಟೇ ಹಾಲಿನ ಗುಣವೂ ಹೌದು.

ಈ ಅಡ್ಡಿಯನ್ನು ಮುರಿದದ್ದು ಒಂದು ಯಂತ್ರ. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ ಮತ್ತು ಡೆನ್ಮಾರ್ಕಿನ ಎಲ್. ಸಿ. ನೀಲ್ಸನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಎಡೆಬಿಡದೆ ಕೆಲಸ ಮಾಡುವ ಕೆನೆ ತೆಗೆಯುವ ಯಂತ್ರಗಳನ್ನು ಸಿದ್ಧಪಡಿಸಿದರು. ಮುಚ್ಚಿದ ಉಕ್ಕಿನ ಬೋಗುಣಿಯೊಂದು ನಿಮಿಷಕ್ಕೆ ಸಾವಿರಾರು ಸುತ್ತು ಗಿರಗಿರನೆ ತಿರುಗುತ್ತದೆ. ಒಳಗೆ ಬಿಟ್ಟ ಹಾಲಿನಲ್ಲಿ ಭಾರವಾದ ಭಾಗ ಅಂಚಿಗೆ ಒತ್ತಲ್ಪಟ್ಟು, ಹಗುರವಾದ ಕೆನೆ ನಡುವಿಗೆ ಸರಿದು, ಎರಡೂ ಬೇರೆ ಬೇರೆ ಕೊಳವೆಗಳಿಂದ ಹೊರಗೆ ಸುರಿಯುತ್ತವೆ. ಒಂದೂವರೆ ದಿನದ ಕಾಯುವಿಕೆ ಕೆಲವೇ ಗಳಿಗೆಗೆ ಇಳಿಯಿತು. ಅಷ್ಟೇ ಹಾಲಿನಿಂದ ಹೆಚ್ಚು ಬೆಣ್ಣೆಯೂ ದಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ದೂರದಿಂದ ಕುಲುಕಾಡಿಕೊಂಡು ಬಂದ ಹಾಲಾದರೂ ಈ ಯಂತ್ರಕ್ಕೆ ಚಿಂತೆಯಿರಲಿಲ್ಲ. ಆದರೆ ಅದರ ಬೆಲೆ, ಅದನ್ನು ತಿರುಗಿಸುವ ಉಗಿಯಂತ್ರದ ಬೆಲೆ, ಕಲ್ಲಿದ್ದಲಿನ ಖರ್ಚು, ನಾಲ್ಕು ಹಸುವಿನವನ ಕೈಗೆ ಎಟುಕುವಂಥದ್ದಲ್ಲ. ಹಾಲನ್ನು ಒಟ್ಟುಗೂಡಿಸಬಹುದು ಎಂದು ತೋರಿಸಿದ ಯಂತ್ರವೇ, ಒಟ್ಟುಗೂಡಿಸದೆ ಗತಿಯಿಲ್ಲ ಎಂಬಂತೆಯೂ ಮಾಡಿತು.

ಒಟ್ಟುಗೂಡಿಸುವವರು ಯಾರು? ಮೊದಲು ಮುಂದೆ ಬಂದವರು ಖಾಸಗಿಯವರು. ಒಬ್ಬ ಬಂಡವಾಳ ಹಾಕಿ ಡೇರಿ ಕಟ್ಟುತ್ತಿದ್ದ, ಸುತ್ತಲಿನ ರೈತರಿಂದ ತೂಕದ ಲೆಕ್ಕದಲ್ಲಿ ಹಾಲು ಕೊಳ್ಳುತ್ತಿದ್ದ. ಬೆಣ್ಣೆಯ ಬೆಲೆ ಏರಿದರೆ ಲಾಭ ಅವನದು. ಆದ್ದರಿಂದ ಹಾಲು ಒಳ್ಳೆಯದಿದ್ದರೂ ಅಷ್ಟೇ, ನೀರು ಬೆರೆಸಿದರೂ ಅಷ್ಟೇ ಎಂಬ ಧೋರಣೆ ರೈತರಿಗೆ. ಮೇವು ಕೆಟ್ಟದ್ದಾದರೆ ಬೆಣ್ಣೆ ಕಹಿಯಾಗುತ್ತದೆ ಎಂದು ಹೇಳಿದರೆ ಕೇಳುವವರು ಯಾರು? ಯೆಡ್ಡಿಂಗ್ ಸುತ್ತಲಿನ ರೈತರು ಇದನ್ನು ತಿರುವಿ ಹಾಕಿದರು. ಹಾಲು ಹಾಕುವವರೇ ಡೇರಿಯ ಒಡೆಯರು ಎಂದರು. ಸ್ಟಿಲ್ಲಿಂಗ್ ಆಂಡರ್ಸನ್ ಎಂಬ ಯುವಕನನ್ನು ಡೇರಿ ನಡೆಸಲು ನೇಮಿಸಿಕೊಂಡರು. ಕಟ್ಟಡ, ಯಂತ್ರಗಳ ಖರ್ಚಿಗೆ ಸಾಲ ಎತ್ತಿ, ಆ ಸಾಲಕ್ಕೆ ಎಲ್ಲರೂ ಒಬ್ಬರಿಗೊಬ್ಬರು ಜಾಮೀನಾದರು. ಈ ಮಾತನ್ನು ಸಲೀಸಾಗಿ ದಾಟಿಹೋಗಬಾರದು: ಒಬ್ಬ ಕೈಯೆತ್ತಿದರೆ ಅವನ ಪಾಲನ್ನು ಉಳಿದವರು ತುಂಬಬೇಕು, ಅದಕ್ಕೆ ಮಿತಿಯಿಲ್ಲ. ಆ ಬಗೆಯ ಜಾಮೀನು ಮುಂದೆ ಡೆನ್ಮಾರ್ಕಿನ ಎಲ್ಲ ಸಹಕಾರಿ ಡೇರಿಗಳ ವಾಡಿಕೆಯಾಯಿತು.

ನಿಯಮಗಳಲ್ಲಿ ಮುಖ್ಯವಾದವು ಮೂರೇ ಎನ್ನಬಹುದು. ಮನೆಬಳಕೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಹಾಲನ್ನೆಲ್ಲ ಡೇರಿಗೇ ಹಾಕಬೇಕು. ಲಾಭವನ್ನು ಹಾಕಿದ ಹಾಲಿಗೆ ತಕ್ಕಂತೆ ಹಂಚಬೇಕು. ಸಭೆಯಲ್ಲಿ ಮಾತ್ರ, ಹಸು ಎಷ್ಟಿದ್ದರೂ ತಲೆಗೊಂದೇ ಮತ. ಈ ಕೊನೆಯ ನಿಯಮವನ್ನು ಡ್ಯಾನಿಷ್ ಭಾಷೆಯಲ್ಲಿ ಒಂದು ಚಮತ್ಕಾರದ ಮಾತಿನಲ್ಲಿ ಹೇಳುತ್ತಾರೆ. ಅವರಲ್ಲಿ ‘ತಲೆಗಳು’ ಎಂಬ ಪದಕ್ಕೂ ‘ದನಗಳು’ ಎಂಬ ಪದಕ್ಕೂ ಒಂದು ಸ್ವರದ ವ್ಯತ್ಯಾಸ ಮಾತ್ರ. ‘ತಲೆ ಎಣಿಸಿ, ದನ ಎಣಿಸಿ ಅಲ್ಲ’ ಎಂಬುದು ಅವರ ಕಿವಿಗೆ ಪ್ರಾಸದಂತೆ ಕೇಳಿಸುತ್ತದೆ. ಅದೇ ವರ್ಷಗಳಲ್ಲಿ ಆ ದೇಶದ ಮೇಲ್ಮನೆಯಲ್ಲಿ ಮತದ ತೂಕ ಆಸ್ತಿಗೆ ತಕ್ಕಂತಿತ್ತು. 1866ರ ಸಂವಿಧಾನ ತಿದ್ದುಪಡಿ ದೊಡ್ಡ ಜಮೀನ್ದಾರರ ಕೈಯನ್ನೇ ಮೇಲುಮಾಡಿತ್ತು. ಕೆಳಮನೆಯಲ್ಲಿ ರೈತರ ಪಕ್ಷಕ್ಕೆ ಬಹುಮತವಿದ್ದರೂ ಎಸ್ಟ್ರುಪ್ ಎಂಬ ಜಮೀನ್ದಾರ ಪ್ರಧಾನಿ 1875ರಿಂದ 1894ರವರೆಗೆ ರಾಜನ ಬೆಂಬಲದಿಂದ ಆಳುತ್ತಲೇ ಇದ್ದ. ಕೋಪನ್‌ಹೇಗನ್ನಿನಲ್ಲಿ ಸಿಗದ ಸಮಾನ ಮತ ಬೆಣ್ಣೆ ಮಾಡುವ ಮನೆಯ ಸಭೆಯಲ್ಲಿ ಸಿಕ್ಕಿತು ಎಂದರೆ ಅತಿಶಯವಾಗದು.

ಈಗ ಕಟ್ಟಡದ ಒಳಗೆ ಹೋಗೋಣ. ಯೆಡ್ಡಿಂಗ್‌ನದು ಆರಂಭದ ಪುಟ್ಟ ಮಾದರಿ. ಅದರ ಬೆನ್ನಿಗೇ ಎದ್ದ ನೂರಾರು ಡೇರಿಗಳಲ್ಲಿ ಕಟ್ಟಡದ ಏರ್ಪಾಡು ಒಂದು ಖಚಿತ ರೂಪಕ್ಕೆ ಬಂತು. ಆ ಏರ್ಪಾಡನ್ನು ಹಾಲಿನ ದಾರಿ ಹಿಡಿದೇ ನೋಡಬೇಕು.

ಬೆಳಗ್ಗೆ ಹಾಲಿನ ಗಾಡಿ ಬಂದು ನಿಲ್ಲುವುದು ಒಂದು ಎತ್ತರದ ಜಗಲಿಯ ಪಕ್ಕಕ್ಕೆ. ಜಗಲಿಯ ಎತ್ತರ ಗಾಡಿಯ ಹಲಗೆಯ ಎತ್ತರಕ್ಕೆ ಸಮ. ಭಾರದ ಕ್ಯಾನನ್ನು ಎತ್ತಿ ಇಳಿಸುವ ಬದಲು ಹೊರಳಿಸಿ ಸರಿಸಿದರೆ ಸಾಕು. ಗಾಡಿಯವನು ನೇಮಕದ ಆಳು. ತನ್ನ ಸರದಿಯ ಮನೆಗಳ ಮುಂದೆ ಇಟ್ಟಿರುವ ಕ್ಯಾನುಗಳನ್ನು ಒಂದೊಂದಾಗಿ ಏರಿಸಿಕೊಂಡು ಬಂದವನು. ಒಳಗೆ ತೂಕದ ಬಾನಿಗೆ ಒಬ್ಬೊಬ್ಬ ರೈತನ ಹಾಲನ್ನೂ ಪ್ರತ್ಯೇಕವಾಗಿ ಸುರಿದು, ತೂಕವನ್ನು ಪುಸ್ತಕದಲ್ಲಿ ಬರೆದು, ಬಾನಿಯ ಕೆಳಗಿನ ತೂಬನ್ನು ತೆರೆಯುತ್ತಾರೆ. ಆ ತೂಬು ತೆರೆದ ಗಳಿಗೆಯನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮುಂಚೆ ಅದು ಒಬ್ಬನ ಹಾಲು. ಆಮೇಲೆ ಅದು ಯಾರ ಹಾಲೂ ಅಲ್ಲ, ಎಲ್ಲರ ಹಾಲು. ಬೆರೆತ ಹಾಲನ್ನು ಮರಳಿ ಬೇರೆ ಮಾಡುವ ಯಂತ್ರವನ್ನು ದೆ ಲಾವಾಲನೂ ಮಾಡಲಿಲ್ಲ. ಈ ಡೇರಿಗಳ ಮುಂದಿನ ಮೂವತ್ತು ವರ್ಷದ ಚರಿತ್ರೆಯೆಲ್ಲ, ನಾನು ಓದಿಕೊಂಡ ಮಟ್ಟಿಗೆ, ಆ ಒಂದು ಗಳಿಗೆಯ ಪರಿಣಾಮಗಳನ್ನು ಸಂಭಾಳಿಸಿದ ಚರಿತ್ರೆಯೇ.

ಜಗಲಿ ಎತ್ತರದಲ್ಲಿರುವುದರಿಂದ ಹಾಲು ತನ್ನ ಭಾರದಿಂದಲೇ ಕೆಳಕ್ಕೆ ಹರಿದು ಮೊದಲು ಬಿಸಿ ಮಾಡುವ ಪಾತ್ರೆಗೆ, ಅಲ್ಲಿಂದ ಕೆನೆ ಯಂತ್ರಕ್ಕೆ ಇಳಿಯುತ್ತದೆ. ಪಕ್ಕದ ಕೋಣೆಯಲ್ಲಿ ಬಾಯ್ಲರು, ಅದರ ಮೇಲೆ ಎತ್ತರದ ಇಟ್ಟಿಗೆಯ ಹೊಗೆಗೊಳವೆ. ಚಪ್ಪಟೆ ನೆಲದ ಆ ಸೀಮೆಯಲ್ಲಿ ಚರ್ಚಿನ ಗೋಪುರ ಬಿಟ್ಟರೆ ದೂರಕ್ಕೆ ಕಾಣುತ್ತಿದ್ದುದು ಇದೊಂದೇ. ಉಗಿಯಂತ್ರದಿಂದ ಹೊರಟ ಉದ್ದನೆಯ ಕಬ್ಬಿಣದ ದಂಡವೊಂದು ಚಾವಣಿಯ ಕೆಳಗೆ ಓಡುತ್ತದೆ. ಅದರಿಂದ ಇಳಿಬಿದ್ದ ಚರ್ಮದ ಪಟ್ಟಿಗಳು ಕೆನೆ ಯಂತ್ರವನ್ನೂ ಕಡೆಯುವ ಪೀಪಾಯಿಯನ್ನೂ ತಿರುಗಿಸುತ್ತವೆ. ಗೋಡೆಗೆ ಸುಣ್ಣ, ನೆಲಕ್ಕೆ ಓರೆ, ಓರೆಯ ಕೊನೆಗೆ ಚರಂಡಿ; ಹಗಲೆಲ್ಲ ನೀರು ಹುಯ್ಯುವ ಕಟ್ಟಡವಿದು. ಚಳಿಗಾಲದಲ್ಲಿ ಕೆರೆಯಿಂದ ಕಡಿದು ತಂದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲೋ ಹುಲ್ಲಿನಲ್ಲೋ ಹುಗಿದು ಬೇಸಿಗೆಯವರೆಗೆ ಕಾಪಿಡುವ ಮಂಜಿನ ಮನೆ ಇನ್ನೊಂದು ಬದಿಗೆ. ಅದೇ ಸೂರಿನಡಿ, ಇಲ್ಲವೇ ಒತ್ತಿಗೆ, ಡೇರಿ ನಡೆಸುವವನ ಸಂಸಾರ.

ಕೆನೆಯನ್ನು ತಣಿಸಿ, ಹೆಪ್ಪು ಹಾಕಿ, ರಾತ್ರಿಯಿಡೀ ಹದಗೊಳಿಸುತ್ತಿದ್ದರು. ಹೆಪ್ಪಿನ ವಿಷಯ ನಮಗೆ ಬಲು ಪರಿಚಿತ. ನೆರೆಮನೆಯಿಂದ ತಂದ ಹೆಪ್ಪು ಕೆಟ್ಟರೆ ಮೊಸರೂ ಕೆಟ್ಟಿತು. ಡೆನ್ಮಾರ್ಕಿನ ಡೇರಿಗಳಲ್ಲೂ ಇದೇ ಗೋಳಾಗಿತ್ತು. ವಿಲ್ಹೆಲ್ಮ್ ಸ್ಟೋರ್ಕ್ ಎಂಬ ರಸಾಯನತಜ್ಞ 1890ರ ಸುಮಾರಿಗೆ ಒಳ್ಳೆಯ ಬೆಣ್ಣೆಯ ಪರಿಮಳಕ್ಕೆ ಕಾರಣವಾದ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಸಿ, ಶುದ್ಧ ಹೆಪ್ಪನ್ನು ಡೇರಿಗಳಿಗೆ ಒದಗಿಸುವ ದಾರಿ ಮಾಡಿದ. ಅಲ್ಲಿಂದಾಚೆಗೆ ಒಂದು ಡೇರಿಯ ಬೆಣ್ಣೆಗೂ ಐವತ್ತು ಮೈಲಿ ದೂರದ ಇನ್ನೊಂದರ ಬೆಣ್ಣೆಗೂ ರುಚಿಯಲ್ಲಿ ವ್ಯತ್ಯಾಸ ಕಡಿಮೆಯಾಗುತ್ತ ಬಂತು. ಕಡೆದ ಬೆಣ್ಣೆಯನ್ನು ಹಲ್ಲಿನ ಉರುಳೆಯಿದ್ದ ಮರದ ಮೇಜಿನ ಮೇಲೆ ಹೊರಳಿಸಿ ನೀರು ಹಿಂಡಿ, ಉಪ್ಪು ಬೆರೆಸಿ, ಬೀಚ್ ಮರದ ಪೀಪಾಯಿಗೆ ಗಾಳಿ ನಿಲ್ಲದಂತೆ ಒತ್ತುತ್ತಿದ್ದರು. ಪೀಪಾಯಿಯೊಂದಕ್ಕೆ ಸುಮಾರು 50 ಕಿಲೊ, ಇಂಗ್ಲಿಷರ ಹಳೆಯ ಲೆಕ್ಕದಲ್ಲಿ 112 ಪೌಂಡು. ಅಷ್ಟು ಬೆಣ್ಣೆಗೆ ಸಾವಿರ ಕಿಲೊಗೂ ಮಿಕ್ಕಿ ಹಾಲು ಬೇಕು. ಅಲ್ಲಿಂದ ರೈಲು, ಎಸ್‌ಬ್ಯೇರ್ಗ್, ಉತ್ತರ ಸಮುದ್ರ, ಇಂಗ್ಲೆಂಡಿನ ಕಾರ್ಮಿಕನ ಬ್ರೆಡ್ಡು.

ಬೆಣ್ಣೆ ಹೋಯಿತು. ಉಳಿದದ್ದು? ಬಂದ ಹಾಲಿನ ಬಹುಪಾಲು ಅಲ್ಲೇ ಇದೆ, ಕೆನೆ ತೆಗೆದ ಹಾಲಾಗಿ. ಕಟ್ಟಡದ ಇನ್ನೊಂದು ಬದಿಗೆ ಅದನ್ನು ಮತ್ತೆ ಅದೇ ಕ್ಯಾನುಗಳಿಗೆ ತುಂಬಿ, ಪ್ರತಿಯೊಬ್ಬನ ಪಾಲಿನಷ್ಟು ಅಳೆದು, ಅದೇ ಗಾಡಿಯಲ್ಲಿ ಮನೆಗೆ ಕಳಿಸುತ್ತಿದ್ದರು. ಅದು ಹೋಗುತ್ತಿದ್ದುದು ಕರುಗಳಿಗೆ, ಹಂದಿಗಳಿಗೆ. ಹಂದಿಗಳು ಕೊಬ್ಬಿದವು, 1887ರಲ್ಲಿ ಜರ್ಮನಿ ಜೀವಂತ ಹಂದಿಗಳ ಆಮದನ್ನು ನಿಲ್ಲಿಸಿದಾಗ ಅದೇ ವರ್ಷ ಹೊರ್ಸನ್ಸ್ ಪಟ್ಟಣದಲ್ಲಿ ಮೊದಲ ಸಹಕಾರಿ ಕಸಾಯಿ ಕಾರ್ಖಾನೆ ಎದ್ದು, ಹಂದಿಮಾಂಸ ಬೇಕನ್ ಆಗಿ ಇಂಗ್ಲೆಂಡಿಗೆ ಹೊರಟಿತು. ಬ್ರೆಡ್ಡಿನ ಮೇಲಿನ ಬೆಣ್ಣೆಯೂ ಪಕ್ಕದ ಬೇಕನ್ನೂ ಒಂದೇ ಹಾಲಿನಿಂದ ಬಂದವು ಎಂಬುದು ಆ ತಟ್ಟೆಯ ಮುಂದೆ ಕುಳಿತವನಿಗೆ ಗೊತ್ತಿದ್ದಿರಲಾರದು.

ಬೆರೆತ ಹಾಲಿನ ಮೊದಲ ತಕರಾರು ನಾನಾಗಲೇ ಹೇಳಿದ ಜಗಳ. ತೂಕಕ್ಕೆ ದುಡ್ಡು ಕೊಟ್ಟರೆ ನೀರು ಬೆರೆಸಿದವನಿಗೆ ಲಾಭ, ಹಸುವಿಗೆ ಹಿಂಡಿ ತಿನ್ನಿಸಿ ಗಟ್ಟಿ ಹಾಲು ತಂದವನಿಗೆ ನಷ್ಟ. ಖಾಸಗಿ ಡೇರಿಯಲ್ಲಿ ಮೋಸಹೋಗುತ್ತಿದ್ದವನು ಮಾಲೀಕ, ಇಲ್ಲಿ ಮೋಸಹೋಗುವವನು ನೆರೆಯವನು. ಕೃಷಿ ಕಾಲೇಜಿನ ಅಧ್ಯಾಪಕ ಎನ್. ಜೆ. ಫ್ಯೋರ್ಡ್, ಕೆನೆ ತೆಗೆಯುವ ಹಳೆಯ ಹೊಸ ವಿಧಾನಗಳನ್ನೆಲ್ಲ ವರ್ಷಗಟ್ಟಲೆ ತೂಗಿ ಅಳೆದು ಹೋಲಿಸಿದವನು, 1880ರ ದಶಕದಲ್ಲಿ ಇದಕ್ಕೂ ಒಂದು ಉಪಕರಣ ಮಾಡಿಕೊಟ್ಟ. ಹಲವು ರೈತರ ಹಾಲಿನ ಮಾದರಿಗಳನ್ನು ಸಣ್ಣ ಗಾಜಿನ ಕೊಳವೆಗಳಲ್ಲಿ ತುಂಬಿ ಒಟ್ಟಿಗೆ ತಿರುಗಿಸಿದರೆ ಪ್ರತಿ ಕೊಳವೆಯಲ್ಲೂ ಕೆನೆಯ ಪದರ ನಿಲ್ಲುತ್ತದೆ. ಅದನ್ನು ಅಳೆದು, ಜಿಡ್ಡಿನ ಲೆಕ್ಕಕ್ಕೆ ದುಡ್ಡು. ನಮ್ಮ ಸಂಘಗಳಲ್ಲಿ ಫ್ಯಾಟು ನೋಡುವ ಯಂತ್ರದ ಹಿರಿಯ ಬಂಧು ಅದು. ಜಗಳ ಆಗ ನಿಂತಿತೋ ಎಂದು ಕೇಳಿದರೆ, ನಮ್ಮೂರಲ್ಲಿ ಇನ್ನೂ ನಿಂತಿಲ್ಲ.

ಎರಡನೆಯದು ಹೆಚ್ಚು ಭೀಕರ. ಒಬ್ಬನ ಹಟ್ಟಿಯಲ್ಲಿ ಕ್ಷಯ ಹಿಡಿದ ಹಸುವೊಂದಿದ್ದರೆ ಅದರ ಹಾಲು ಎಲ್ಲರ ಹಾಲಿನೊಂದಿಗೆ ಬೆರೆತು, ಕೆನೆ ತೆಗೆದ ಹಾಲಾಗಿ ಎಲ್ಲರ ಕರುಗಳ ಬಾಯಿಗೆ ಮರಳಿ ಹೋಗುತ್ತಿತ್ತು. ಸಮಾನವಾಗಿ ಹಂಚಿಕೊಳ್ಳುವ ಏರ್ಪಾಡು ರೋಗವನ್ನೂ ಸಮಾನವಾಗಿ ಹಂಚಿತು. ದನಗಳ ಕ್ಷಯವನ್ನು ತೊಲಗಿಸಲು ಜೀವಮಾನ ಸವೆಸಿದ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಮತ್ತಿತರರ ಒತ್ತಾಯದಿಂದ 1898ರಲ್ಲಿ ಕಾನೂನೇ ಬಂತು: ಡೇರಿಯಿಂದ ಮರಳಿ ಹೋಗುವ ಹಾಲನ್ನು ಎಂಬತ್ತು ಡಿಗ್ರಿಗೂ ಮೇಲಕ್ಕೆ ಕಾಯಿಸಿಯೇ ಕಳಿಸಬೇಕು. ಕಾಯಿಸಿದರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮತ್ತೆ ಸ್ಟೋರ್ಕನೇ ಉಪಾಯ ಕಂಡುಹಿಡಿದ. ಹಾಲಿಗೆ ಎರಡು ರಾಸಾಯನಿಕಗಳ ಕೆಲವು ಹನಿ ಬಿಟ್ಟರೆ ಹಸಿ ಹಾಲು ನೀಲಿಯಾಗುತ್ತದೆ, ಚೆನ್ನಾಗಿ ಕಾಯಿಸಿದ ಹಾಲು ಬೆಳ್ಳಗೇ ಉಳಿಯುತ್ತದೆ. ಕಟ್ಟಡಗಳಿಗೆ ಹೊಸ ಕಾಯಿಸುವ ಯಂತ್ರ, ಹೊಸ ಕೋಣೆ, ಹೆಚ್ಚಿನ ಕಲ್ಲಿದ್ದಲು ಬೇಕಾದದ್ದು ಹೀಗೆ. ಹಳೆಯ ಡೇರಿಗಳ ಗೋಡೆಯಲ್ಲಿ ಹೊಸ ಇಟ್ಟಿಗೆಯ ಸೇರ್ಪಡೆ ಕಂಡರೆ ಅದರ ಹಿಂದೆ ಇಂಥ ಒಂದು ನಿಯಮ ಇರುವ ಸಂಭವ ಹೆಚ್ಚು.

ಮೂರನೆಯದು ದೇವರ ತಕರಾರು. ಹಸುವಿಗೆ ಭಾನುವಾರವಿಲ್ಲ. ಆದರೆ ಪಶ್ಚಿಮ ಜುಟ್‌ಲ್ಯಾಂಡಿನಲ್ಲಿ ಬೇರೂರಿದ್ದ ‘ಒಳ ಮಿಷನ್’ ಎಂಬ ಕಟ್ಟುನಿಟ್ಟಿನ ಪಂಥದವರಿಗೆ ಭಾನುವಾರ ಹಾಲಿನ ಗಾಡಿ ಹೊರಡುವುದು ಪಾಪ. ಗ್ರುಂಟ್‌ವಿಗ್ ಎಂಬ ಪಾದ್ರಿ-ಕವಿಯ ಹಾದಿಯವರು, ಜನತಾ ಪ್ರೌಢಶಾಲೆಗಳಲ್ಲಿ ಹಾಡಿ ಕಲಿತವರು, ಅಷ್ಟು ಬಿಗಿಯಲ್ಲ. ಬೆರೆತ ಹಾಲಿಗೆ ಎರಡು ಧರ್ಮವಿರಲಾಗದಾದ್ದರಿಂದ ಕೆಲವು ಊರುಗಳಲ್ಲಿ ಎರಡೆರಡು ಡೇರಿಗಳಾದವು: ಒಂದು ಏಳು ದಿನದ್ದು, ಒಂದು ಭಾನುವಾರ ಬಾಗಿಲು ಮುಚ್ಚುವುದು. ಸಹಕಾರವೆಂದರೆ ಎಲ್ಲರೂ ಒಂದಾದರು ಎಂದು ಬರೆಯುವವರು ಈ ಜೋಡಿ ಹೊಗೆಗೊಳವೆಗಳನ್ನು ಬಿಟ್ಟು ಬರೆಯುತ್ತಾರೆ.

ಬಿಟ್ಟುಹೋಗುವ ಇನ್ನೊಂದು ಸಂಗತಿಯಿದೆ. ಡೇರಿ ಬರುವ ಮುಂಚೆ ಹಾಲು ಬೆಣ್ಣೆ ಹೆಂಗಸರ ಕೈಯಲ್ಲಿತ್ತು. ರೈತನ ಮನೆಯಲ್ಲಿ ಕಡೆಯುತ್ತಿದ್ದವಳು ಅವಳು. ಜಮೀನ್ದಾರರ ಡೇರಿಗಳಲ್ಲೂ ಮುಖ್ಯಸ್ಥರಾಗಿ ಹೆಣ್ಣುಮಕ್ಕಳು ಇದ್ದರು. ಹಾವರ್ಟಿ ಎಂಬ ಜಮೀನಿನಲ್ಲಿ ಗಿಣ್ಣು ಮಾಡಿ ದೇಶಕ್ಕೇ ಹೆಸರಾದ ಹಾನ್ನೆ ನೀಲ್ಸನ್ ಆ ಪೀಳಿಗೆಯವಳು. ಉಗಿಯಂತ್ರದ ಡೇರಿ ಬಂದ ಮೇಲೆ ಆ ಹುದ್ದೆಗಳಿಗೆ ಲಾಡೆಲುಂಡ್, ಡಾಲುಮ್ ಮುಂತಾದ ಶಾಲೆಗಳಲ್ಲಿ ತರಬೇತಾದ ಗಂಡಸರು ಬಂದರು. ಬೆಣ್ಣೆಯ ದುಡ್ಡು ಒಲೆಯ ಮೇಲಿನ ಡಬ್ಬಿಯಿಂದ ಸಂಘದ ಲೆಕ್ಕದ ಪುಸ್ತಕಕ್ಕೆ ಹೋಯಿತು, ಆ ಪುಸ್ತಕದಲ್ಲಿ ಇದ್ದದ್ದು ಗಂಡನ ಹೆಸರು. ದುಡಿಮೆ ಹಗುರವಾದದ್ದು ನಿಜ; ಹಿಡಿತ ಹೋದದ್ದೂ ನಿಜ. ನಮ್ಮಲ್ಲಿ ಮಹಿಳೆಯರದೇ ಹಾಲಿನ ಸಂಘಗಳನ್ನು ಪ್ರತ್ಯೇಕವಾಗಿ ಕಟ್ಟಬೇಕಾಗಿ ಬಂದದ್ದು ಏಕೆಂದು ಯೋಚಿಸುವವರು ಇದನ್ನು ಗಮನಿಸಬಹುದು.

ಯೆಡ್ಡಿಂಗ್ ಮಾದರಿ ಹಬ್ಬಿದ ವೇಗ ಮಾತ್ರ ಬೆರಗು ಹುಟ್ಟಿಸುವಂಥದ್ದು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಆ ಪುಟ್ಟ ದೇಶದಲ್ಲಿ ಸಹಕಾರಿ ಡೇರಿಗಳು ಸಾವಿರ ದಾಟಿದ್ದವು. ಹಸುಗಳಲ್ಲಿ ಐದಕ್ಕೆ ನಾಲ್ಕರ ಹಾಲು ಅಲ್ಲಿಗೇ ಹೋಗುತ್ತಿತ್ತು. 1901ರಲ್ಲಿ ಡೇರಿಗಳು ಒಟ್ಟಾಗಿ ತಮ್ಮ ಬೆಣ್ಣೆಗೆ ‘ಲೂರ್’ ಎಂಬ ಕಂಚಿನ ಯುಗದ ಬಾಗು ಕೊಂಬುಗಳ ಮುದ್ರೆಯನ್ನು ನೋಂದಾಯಿಸಿದವು. 1906ರಲ್ಲಿ ಸರ್ಕಾರ ಅದನ್ನೇ ದೇಶದ ಮುದ್ರೆಯಾಗಿ ಮಾಡಿ, ರಫ್ತಾಗುವ ಬೆಣ್ಣೆಗೆ ಕಡ್ಡಾಯಗೊಳಿಸಿತು. ವಿಶೇಷವೆಂದರೆ, ಇಷ್ಟೆಲ್ಲ ನಡೆದದ್ದು ಸಹಕಾರ ಸಂಘಗಳಿಗೆಂದೇ ಒಂದು ಕಾನೂನು ಇಲ್ಲದೆ. ನಮ್ಮಲ್ಲಿ ಮೊದಲು 1904ರ ಕಾಯಿದೆ ಬಂತು, ಮರುವರ್ಷ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು. ಡೆನ್ಮಾರ್ಕಿನಲ್ಲಿ ಮೊದಲು ಹಾಲು ಬೆರೆಯಿತು, ನಿಯಮಗಳು ಆಮೇಲೆ ಹೆಪ್ಪುಗಟ್ಟಿದವು.

ಎರಡು ನಾಡುಗಳ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. 1938ರಲ್ಲಿ ಮುಂಬಯಿಯಲ್ಲಿ ಹೋಲ್ಕ್-ಲಾರ್ಸನ್, ಟೂಬ್ರೊ ಎಂಬ ಇಬ್ಬರು ಡ್ಯಾನಿಷ್ ಎಂಜಿನಿಯರುಗಳು ಕಂಪನಿ ತೆರೆದಾಗ ಅವರು ಮೊದಮೊದಲು ತರಿಸಿ ಮಾರುತ್ತಿದ್ದುದು ಡೆನ್ಮಾರ್ಕಿನ ಡೇರಿ ಯಂತ್ರಗಳನ್ನು. ಇಂದು ಎಲ್ ಅಂಡ್ ಟಿ ಎಂದರೆ ನಮಗೆ ನೆನಪಾಗುವುದು ಮೆಟ್ರೊ, ಸೇತುವೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ 1960ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ನಡೆದ ದನದ ತಳಿ ಯೋಜನೆಗೆ ಅಲ್ಲಿಯ ಕೆಂಪು ಹಸು, ರೆಡ್ ಡೇನ್, ಬಂದಿತ್ತು. ಆ ಭಾಗದ ಹಿರಿಯ ರೈತರಲ್ಲಿ ಕೆಲವರು ಅದನ್ನು ಇಂದಿಗೂ ನೆನೆಯುತ್ತಾರೆ.

ಕಟ್ಟಡಗಳ ಕೊನೆಯ ಅಧ್ಯಾಯ ಚಿಕ್ಕದು. ಊರಿಗೊಂದು ಡೇರಿ ಇರಬೇಕಾಗಿದ್ದುದು ಕುದುರೆಗಾಡಿಯ ಕಾರಣಕ್ಕೆ. ಹಾಲು ಕೆಡುವ ಮುಂಚೆ ಕುದುರೆ ಎಷ್ಟು ದೂರ ಹೋಗಬಲ್ಲುದೋ ಅಷ್ಟೇ ಡೇರಿಯ ಸೀಮೆ. ಲಾರಿ ಬಂತು, ಹಟ್ಟಿಯಲ್ಲೇ ಹಾಲನ್ನು ತಂಪಾಗಿಡುವ ತೊಟ್ಟಿ ಬಂತು, ಕ್ಯಾನು ಹೋಗಿ ಟ್ಯಾಂಕರು ಬಂತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಡೇರಿಗಳು ಒಂದರೊಳಗೊಂದು ವಿಲೀನವಾಗುತ್ತ ಹೋದವು. 1970ರಲ್ಲಿ ಹಲವು ಕೂಡಿ ಒಂದು ದೊಡ್ಡ ಡೇರಿ ಕಂಪನಿಯಾಯಿತು, 1988ರಲ್ಲಿ ಅದರ ಹೆಸರು ಎಂಡಿ ಫುಡ್ಸ್ ಎಂದಾಯಿತು, 2000ದಲ್ಲಿ ಅದು ಸ್ವೀಡನ್ನಿನ ಆರ್ಲಾದೊಂದಿಗೆ ಸೇರಿ ಆರ್ಲಾ ಫುಡ್ಸ್ ಆಯಿತು. ಊರೂರಿನ ಕೆಂಪಿಟ್ಟಿಗೆಯ ಡೇರಿಗಳಲ್ಲಿ ಹಲವು ವಾಸದ ಮನೆಗಳಾದವು, ಕೆಲವು ವರ್ಕ್‌ಶಾಪು, ಗೋದಾಮುಗಳಾದವು. ಹೊಗೆಗೊಳವೆ ಕೆಡವಿದ ಮೇಲೆ ಅವುಗಳನ್ನು ಗುರುತಿಸಲು ಗೋಡೆ ಬದಿಯ ಆ ಎತ್ತರದ ಜಗಲಿಯೊಂದೇ ಉಳಿದಿರುತ್ತದೆ. ಯೆಡ್ಡಿಂಗ್‌ನ ಕಟ್ಟಡ ಮೊದಲನೆಯದು ಎಂಬ ಕಾರಣಕ್ಕೆ ವಸ್ತುಸಂಗ್ರಹಾಲಯವಾಗಿ ಬದುಕಿತು.

ಆರ್ಲಾದ ಒಡೆಯರು ಈಗಲೂ ಹಾಲು ಹಾಕುವ ರೈತರೇ. ಆದರೆ ಅವರು ಹಲವು ದೇಶಗಳಲ್ಲಿ ಹರಡಿದ್ದಾರೆ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಟ್ಯಾಂಕರು ಹಟ್ಟಿಯಿಂದ ಹಟ್ಟಿಗೆ ಹೋಗಿ ಕೊಳವೆ ಜೋಡಿಸಿ ಹಾಲು ಹೀರಿಕೊಳ್ಳುತ್ತದೆ. ಹೀರುವಾಗ ಪ್ರತಿ ಹಟ್ಟಿಯ ಹಾಲಿನಿಂದಲೂ ಒಂದು ಸಣ್ಣ ಶೀಶೆಯಷ್ಟು ಬೇರೆ ತೆಗೆದು, ಗುರುತು ಹಚ್ಚಿ ಇಡುತ್ತಾರೆ; ಮಿಕ್ಕದ್ದು ತೊಟ್ಟಿಯೊಳಗೆ ಬೆರೆತುಹೋಗುತ್ತದೆ.